ಎ ಬದಿ, ಮೂರನೆಯ ಹಾಡು

ಸಿನಿಮಾ ಓಡಿದ್ದು ಎರಡೇ ಎರಡು ಶುಕ್ರವಾರ,
ಮನಾಮದ ಟಾಕೀಸಿನಲ್ಲಿ, ಬೆಳಗಿನ ಆಟ.
ಇಂಟರ್ವಲ್ಲಿಗೆ ಮುಂಚೆಯೇ ಪೇತ್ರನ ಗಡ್ಡ ಕಳಚಿತ್ತು.
ಸಮಾರ್ಯದ ಬಾವಿಗೆ ಹೊದಿಸಿದ ಕಲ್ಲಿನ ಬಣ್ಣದ ಕಾಗದ
ಗಾಳಿಗೆ ಉಸಿರಾಡುತ್ತಿತ್ತು.
ಮಕ್ಕಳು ನಕ್ಕವು. ಸಭಾಪಾಲಕರು ಕೆಮ್ಮಿದರು.

ಹಾಡುಗಳ ಕತೆ ಬೇರೆ.

ಬಾಬ್ ಅಲ್ ಬಹರೇನಿನ ಹಿಂದಿನ ಗಲ್ಲಿಯ
ಕ್ಯಾಸೆಟ್ ಅಂಗಡಿಯಲ್ಲಿ ನನ್ನ ಕೆಲಸ.
ಒಂದು ಹಾಕಿದರೆ ನಾಲ್ಕು ನಕಲು ತೆಗೆಯುವ ಯಂತ್ರ,
ಅದರ ಬೆರಳು ನಾನು.
ಅಡ್ವೆಂಟಿನಿಂದ ಕ್ರಿಸ್ಮಸ್ ತನಕ ಸಾವಿರದ ನಾನೂರು ಹೋದವು,
ಒಂದಕ್ಕೆ ಅರ್ಧ ದಿನಾರು; ಲೆಕ್ಕದ ಪುಸ್ತಕ ಈಗಲೂ ಉಂಟು.
ಆಸ್ಪತ್ರೆಯ ನರ್ಸುಗಳು ಒಯ್ದರು, ಮಲ್ಪೆಯ ಟೈಲರುಗಳು ಒಯ್ದರು,
ಟ್ಯಾಕ್ಸಿಯ ಅದ್ರಾಮ ಬ್ಯಾರಿ ಎರಡು ಒಯ್ದ:
"ಪ್ರಾರ್ಥನೆ ಯಾರದ್ದಾದರೂ ಇರಲಿ ಮಾರಾಯ, ದನಿ ನಮ್ಮ ಕಡೆಯದ್ದು."
ಸೇತುವೆ ದಾಟಿ ದಮಾಮಿಗೂ ಹೋದವು,
ಯಕ್ಷಗಾನದ ಕವರಿನೊಳಗೆ ಕೂತು;
ಕಸ್ಟಮ್ಸಿನವನು ಭಾಗವತರ ಮುಂಡಾಸು ನೋಡಿ
ಹೋಗು ಹೋಗು ಅಂದನಂತೆ.

ಫೆಬ್ರವರಿಯಲ್ಲಿ ಊರಿನ ಪೇಪರು ಬಂತು,
ಯಾರದೋ ಅಮ್ಮನ ಚಕ್ಕುಲಿ ಸುತ್ತಿಕೊಂಡು.
"ಮೂರನೆಯ ಹಾಡಿಗೆ ತಬಲೆಯಿಲ್ಲ, ಢೋಲಕ್ಕಿಲ್ಲ.
ಬಾವಿಯ ಆಳದಲ್ಲಿ ಒಂದೊಂದೇ ಹನಿ ಬಿದ್ದು
ತಾಳ ಹಿಡಿಯುತ್ತದೆ. ಸಂಗೀತ ನಿರ್ದೇಶಕರ ಈ ಸಂಯಮ..."
ಮುಂದಿನದ್ದನ್ನು ಎಣ್ಣೆ ಓದಿಕೊಂಡಿತ್ತು.

ಸಂಯಮವಂತೆ!
ಆಗಸ್ಟ್ ತಿಂಗಳು. ಅಂಗಡಿಯ ಹಿಂದಿನ ಕೋಣೆ,
ಗೋಡೆ ತುಂಬ ಮೊಟ್ಟೆಯ ಟ್ರೇ, ಹನ್ನೊಂದು ಜನ, ಒಂದು ಮೈಕು.
ಗುಂಯ್ ಎನ್ನುವ ಸದ್ದು ಟೇಪಿಗೆ ಬರುತ್ತದೆಂದು
ಏಸಿ ಆರಿಸಿದ್ದೆವು.
ಆರಿದ ಏಸಿ ನಮ್ಮ ಹಾಗೆಯೇ ಬೆವರಿ
ನಿಡೋ ಡಬ್ಬಿಯೊಳಗೆ ತೊಟ್ಟಿಕ್ಕುತ್ತಿತ್ತು.
ಡಬ್ಬಿ ಇಟ್ಟವನು ನಾನು.
ತೆಗೆಯಲು ಮರೆತವನೂ.

ಹಾಡಿದವಳು ಗ್ಲಾಡಿಸ್ ಕರ್ಕಡ.
ರಿಫಾದ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ,
ಆರಕ್ಕೆ ಗೇಟಿನೊಳಗೆ ಇರಬೇಕು.
ಐದು ಗಂಡಂದಿರನ್ನು ಕಂಡವಳ ಹಾಡು ಅದು,
ಬಾವಿಕಟ್ಟೆಯಲ್ಲಿ ಯಾರೂ ಇಲ್ಲದ ಸುಡುಹೊತ್ತು ನೋಡಿ
ಕೊಡ ಹಿಡಿದು ಬಂದವಳದು.
ಗ್ಲಾಡಿಸ್ ಕಣ್ಣು ಮುಚ್ಚಲಿಲ್ಲ, ಕೈ ಎತ್ತಲಿಲ್ಲ,
ಗೋಡೆಯ ಗಡಿಯಾರ ನೋಡುತ್ತಲೇ ಹಾಡಿದಳು.
(ಆ ಅವಸರವನ್ನೂ ಪೇಪರಿನವರು ಬಿಟ್ಟಿಲ್ಲ:
"ದಾಹದ ಲಯ.")
ಒಂದೇ ಟೇಕು. ಕಡೆಯ ಸ್ವರ ಇನ್ನೂ ಕೋಣೆಯಲ್ಲೇ ಇತ್ತು,
"ನೀರುಂಟಾ ಅಣ್ಣ?" ಅಂದಳು.
ನನ್ನ ಬೆರಳು ತಡವಾಯಿತು.

ಮೊದಲ ಮುನ್ನೂರು ಕ್ಯಾಸೆಟ್ಟಿನಲ್ಲಿ ಅದು ಹಾಗೆಯೇ ಉಳಿದುಬಿಟ್ಟಿದೆ.
ಆಮೇಲೆ ಮಂಗಳೂರಿನ ಕಂಪನಿ ಹಕ್ಕು ಕೊಂಡಿತು,
ಚಿನ್ನದ ಅಕ್ಷರದ ಹೊಸ ಕವರು ಹಾಕಿತು,
ಆ ಎರಡು ಮಾತು ಕತ್ತರಿಸಿತು,
ಹನಿಯನ್ನು ಇಟ್ಟುಕೊಂಡಿತು.
ಪ್ರಶಸ್ತಿ ಬಂತು. ಸಂಗೀತ ನಿರ್ದೇಶಕರು ಶಾಲು ಹೊದ್ದು
ನೀರಿನ ಮೌನದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು.
ಕವರಿನ ಒಳಮಡಿಕೆಯಲ್ಲಿ, ಇರುವೆ ಗಾತ್ರದಲ್ಲಿ:
ಗಾಯನ, ಬಹರೇನಿನ ಬಂಧುಗಳು.
ಗ್ಲಾಡಿಸಿಗೆ ಐದು ಕ್ಯಾಸೆಟ್ ಕೊಟ್ಟರು.
ನಾಲ್ಕನ್ನು ಊರಿಗೆ ಕಳಿಸಿದಳು.
ಐದನೆಯದನ್ನು ಹಾಕಿ ಕೇಳಲು ಅವಳಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ.

ನಮ್ಮ ಅರ್ಬಾಬ್ ಹಾಜಿ ಖಲೀಲನಿಗೆ ಕನ್ನಡ ಬಾರದು.
ಮುನ್ನೂರರಲ್ಲಿ ಒಂದನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡಿದ್ದ,
ಮಧ್ಯಾಹ್ನದ ನಮಾಜು ಮುಗಿಸಿ ಬಂದರೆ ಅದೇ ಹಾಡು.
ಒಂದು ದಿನ ಕೇಳಿದ, ಕೊನೆಗೆ ಏನನ್ನುತ್ತಾಳೆ ಈ ಹೆಣ್ಣುಮಗಳು?
"ಮಾಯ್," ಅಂದೆ. ನೀರು ಕೇಳುತ್ತಿದ್ದಾಳೆ.
"ಕೊಟ್ಟೆಯಾ?"

ಟೇಪು ಹಿಂದಕ್ಕೆ ಸುತ್ತಿ, ಸರಿ ಬಂದಿದೆಯೇ ಎಂದು
ಹೆಡ್‌ಫೋನಿನಲ್ಲಿ ಎರಡು ಸಲ ಕೇಳಿದ್ದು ನೆನಪಿದೆ.
ನೀರಿನದು ನೆನಪಿಗೆ ಬರಲಿಲ್ಲ.

ಮರುವಾರ ಅಂಗಡಿಯ ಮುಂದೆ ಸ್ಟೀಲಿನ ಕೂಲರ್ ಬಂದು ನಿಂತಿತು,
ಸರಪಳಿಗೆ ಕಟ್ಟಿದ ಒಂದು ಲೋಟ.
ಮೂಟೆ ಹೊರುವವರು ಕುಡಿಯುತ್ತಾರೆ, ಪೊಲೀಸರು ಕುಡಿಯುತ್ತಾರೆ,
ಪಾರಿವಾಳಗಳು ಕೆಳಗಿನ ತಟ್ಟೆಯಲ್ಲಿ.
ಒಂದು ಶುಕ್ರವಾರ ಆರಾಧನೆ ಮುಗಿಸಿ ಗ್ಲಾಡಿಸ್ ಬಂದಳು,
ಲೋಟ ತುಂಬಿಕೊಂಡು ನಿಂತೇ ಕುಡಿದಳು, ಇನ್ನೊಂದು ಕುಡಿದಳು,
ತುಟಿ ಒರೆಸುತ್ತ ನನ್ನ ಗಡಿಯಾರ ನೋಡಿ
ಬಸ್ಸಿಗೆ ಓಡಿದಳು.
ಯಾಕೆ ಇಟ್ಟದ್ದೆಂದು ನಾನು ಹೇಳಲಿಲ್ಲ.